ಸಾಲಿನ ತುದಿಯ ದ್ವೀಪ

ಮ್ಯೂಸಿಯಮ್ಮಿನ ಮೇಡಮ್ ಬೈಯಲಿಲ್ಲ, ಅದೇ ಕಷ್ಟವಾಯಿತು. ಬೈದಿದ್ದರೆ ಬಿಳಿ ಮೇಸ್ತ್ರಿ ಎದುರುತ್ತರ ಕೊಟ್ಟು, ಮುಖ ಊದಿಸಿಕೊಂಡು ಹೊರಟುಬಿಟ್ಟು, ವಿಷಯವನ್ನು ಹೇಗೋ ಹಾರಿಸಿಬಿಡುತ್ತಿದ್ದ. ಆಕೆ ಕುರ್ಚಿ ಎಳೆದು ಕೊಟ್ಟು, ಚಹಾ ತರಿಸಿ, ಮೆತ್ತಗೆ ಕೇಳಿದಳು.

"ಮೇಸ್ತ್ರಿಗಳೇ, ನೀವು ಮಾಡಿದ ಮಾದರಿಯ ಪೂರ್ವದ ಸಾಲಲ್ಲಿ ಒಂದು ದ್ವೀಪ ಜಾಸ್ತಿ ಇದೆಯಲ್ಲ?"

ಮೇಸ್ತ್ರಿ ಚಹಾದ ಲೋಟ ಕೆಳಗಿಟ್ಟ.

"ಮೊನ್ನೆ ಶಾಲೆ ಮಗು ಒಂದು ಅದರ ಹೆಸರೇನು ಅಂತ ಕೇಳ್ತು. ನಕ್ಷೆ ತೆಗೆದು ನೋಡಿದ್ರೆ ಅಲ್ಲಿ ಬರೀ ನೀರು."

"ಕೈತಪ್ಪು ಮೇಡಮ್. ತೆಗೆದುಬಿಡ್ತೀನಿ," ಎಂದ ಮೇಸ್ತ್ರಿ. ಯಾರ ಕೈ ಎಂದು ಆಕೆ ಕೇಳಲಿಲ್ಲ, ಇವನೂ ಹೇಳಲಿಲ್ಲ.

"ಹಾಗೇ ಆ ಕಡೆ ತುದಿಯ ಉಂಗುರ ದ್ವೀಪದ ಅಂಚು ಒಡೆದಿದೆ. ಜನ ಮುಟ್ಟಿ ಮುಟ್ಟಿ ಹಾಳು ಮಾಡಿದ್ದಾರೆ. ಅದನ್ನೂ ಸರಿಮಾಡಿಬಿಡಿ."

ಪ್ಲಾಸ್ಟರ್ ಪುಡಿ ಹುಬ್ಬಿನಿಂದ ಉಗುರುಸಂದಿಯವರೆಗೆ ಸದಾ ಮೆತ್ತಿಕೊಂಡಿರುತ್ತಿದ್ದುದರಿಂದ ಅವನು ಬಿಳಿ ಮೇಸ್ತ್ರಿ. ಮ್ಯೂಸಿಯಮ್ಮಿನ ಕೆಳಗಿನ ಹಾಲಿನಲ್ಲಿ ಹತ್ತು ಜನ ಕೂತು ಉಣ್ಣುವಷ್ಟು ದೊಡ್ಡ ಮೇಜಿನ ಮೇಲೆ ದೇಶದ ಸಮುದ್ರವಿದೆಯಲ್ಲ, ಅದು ಅವನ ಕೈಕೆಲಸ. ಉತ್ತರದ ಗುಂಪಿನ ದ್ವೀಪಗಳು ಒಂದು ಕಾಲದಲ್ಲಿ ನೆಲದ ಬೆಟ್ಟಗಳೇ. ನೀರು ಏರಿ ತಗ್ಗೆಲ್ಲ ಮುಳುಗಿದಾಗ ತಲೆ ಮಾತ್ರ ಉಳಿಸಿಕೊಂಡವು. ಪೂರ್ವದವು ಬೆಂಕಿಯಿಂದ ಹುಟ್ಟಿದವು. ಸಮುದ್ರದ ಅಡಿಯಲ್ಲಿ ಬೆಂಕಿ ಒಂದೇ ಕಡೆ ಕೂತಿರುತ್ತದೆ, ಮೇಲಿನ ನೆಲ ನಿಧಾನವಾಗಿ ಸರಿಯುತ್ತದೆ. ಒಂದು ಬೆಟ್ಟ ಎದ್ದು ಮುಂದೆ ಹೋಯಿತು ಅನ್ನುವಾಗ ಹಿಂದೆ ಇನ್ನೊಂದು. ಹಾಗಾಗಿ ಅಣ್ಣತಮ್ಮಂದಿರ ಹಾಗೆ ಸಾಲು. ಹಿರಿಯದು ತನ್ನ ಭಾರಕ್ಕೇ ಕುಸಿಯುತ್ತಾ ಕುಸಿಯುತ್ತಾ ನೀರಿಗಿಳಿಯುತ್ತದೆ. ಅದರ ದಡಕ್ಕೆ ಅಂಟಿದ್ದ ಹವಳ ಮಾತ್ರ ಬೆಳಕು ಬೇಕೆಂದು ಮೇಲೆ ಮೇಲೆ ಕಟ್ಟಿಕೊಳ್ಳುತ್ತಾ ಹೋಗುತ್ತದೆ. ಕಡೆಗೆ ಬೆಟ್ಟವೇ ಇಲ್ಲ, ಸುತ್ತಲಿನ ಉಂಗುರ ಮಾತ್ರ.

ಮೇಸ್ತ್ರಿ ಇದನ್ನೆಲ್ಲ ಓದಿ ಕಲಿತವನಲ್ಲ. ಮಾದರಿ ಕಟ್ಟುವಾಗ ಮ್ಯೂಸಿಯಮ್ಮಿನವರು ಕರೆಸಿದ್ದ ಭೂಗೋಳದ ಸಾರ್ ಹೇಳಿಕೊಟ್ಟದ್ದನ್ನು ಅವನು ಮಗಳಿಗೆ ಹೇಳುತ್ತಿದ್ದ. ಶಾಲೆ ಬಿಟ್ಟ ಕೂಡಲೇ ಪುಟ್ಟಿ ಅಪ್ಪನ ಪಕ್ಕ ಹಾಜರು. ಬಾಯಿ ಸುಮ್ಮನಿದ್ದರೆ ಕೈ ಸುಮ್ಮನಿರುತ್ತಿರಲಿಲ್ಲ. ಪ್ಲಾಸ್ಟರ್ ಗಟ್ಟಿಯಾಗುವಾಗ ತಾನೇ ಬಿಸಿಯಾಗುತ್ತದೆ. ಅದರ ಮೇಲೆ ಅಂಗೈ ಇಟ್ಟು, "ಅಪ್ಪಾ, ಇದಕ್ಕೆ ಜ್ವರ ಬಂದಿದೆ," ಎನ್ನುತ್ತಿದ್ದಳು. ಪ್ರತಿಸಲವೂ ಅದೇ ಜೋಕು, ಪ್ರತಿಸಲವೂ ಅವನು ನಗಬೇಕು. ಒಂದು ದಿನ ಅವನು ಕೈ ತೊಳೆದು ಬರುವಷ್ಟರಲ್ಲಿ, ಎಲ್ಲಕ್ಕಿಂತ ಕಿರಿಯ ದ್ವೀಪದ ಆಚೆ ಚಿಟಿಕೆ ಹಸಿ ಪ್ಲಾಸ್ಟರ್ ಇಟ್ಟು ಹೆಬ್ಬೆರಳಿನಿಂದ ಒತ್ತಿದ್ದಳು. ಅಂಗಿಯ ಗುಂಡಿಯಷ್ಟು ದ್ವೀಪ.

"ಏನೇ ಇದು ಕಿತಾಪತಿ?"

"ಮುಂದಿನದು ಹುಟ್ಟೋದು ಇಲ್ಲೇ ಅಲ್ವಾಪ್ಪಾ? ನಾನು ಮೊದಲೇ ಇಟ್ಟೆ."

ಅವನು ಗದರಿದ, ಆದರೆ ತೆಗೆಯಲಿಲ್ಲ. ಹಸಿರು ಬಣ್ಣ ಬಳಿದು ಕೊಟ್ಟ.

ಮುಂದಿನ ವರ್ಷ ಪುಟ್ಟಿಗೇ ಜ್ವರ ಬಂತು. ಇಳಿಯಲಿಲ್ಲ.

ಆಮೇಲೆ ಮನೆಯಲ್ಲಿ ಅವಳ ಹೆಸರು ಯಾರೂ ಎತ್ತಲಿಲ್ಲ. ಹೆಂಡತಿ ಶಾಲೆಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದಳು. ಭಾನುವಾರ ಬಂದರೆ, "ದಾರ ತರ್ತೀನಿ," ಎಂದು ಹೊರಡುತ್ತಿದ್ದಳು. ಭಾನುವಾರ ದಾರದ ಅಂಗಡಿ ತೆರೆದಿರುವುದಿಲ್ಲ ಎಂದು ಇಬ್ಬರಿಗೂ ಗೊತ್ತು. ಆಕೆ ಮ್ಯೂಸಿಯಮ್ಮಿನ ಆ ಮೇಜಿನ ಪಕ್ಕ ನಿಂತು ಆ ಹೆಬ್ಬೆರಳ ಗುರುತಿನ ಮೇಲೆ ಬೆರಳಿಟ್ಟುಕೊಂಡಿರುತ್ತಾಳೆ ಎಂದು ಕಾವಲುಗಾರ ಹೇಳಿದ್ದ. ಹಾಗಾದರೆ ಮುಟ್ಟಿ ಮುಟ್ಟಿ ಹಾಳು ಮಾಡುವ ಜನರಲ್ಲಿ ಆಕೆಯೂ ಒಬ್ಬಳು. ಮೇಸ್ತ್ರಿ ಮಾತ್ರ ಅಂದಿನಿಂದ ಆ ಹಾಲಿಗೆ ಕಾಲಿಟ್ಟಿರಲಿಲ್ಲ. ಅವನಿಗೆ ಅಷ್ಟು ಧೈರ್ಯವಿರಲಿಲ್ಲ.

ಈಗ ಹೆಂಡತಿಗೆ ಹೇಳದೆ ಕೆರೆದು ಬಂದುಬಿಡೋಣ ಎಂದು ಅವನ ಲೆಕ್ಕಾಚಾರ. ಸೋಮವಾರ ಮ್ಯೂಸಿಯಮ್ಮಿಗೆ ರಜ, ರಿಪೇರಿಗೆ ಒಳ್ಳೆಯ ದಿನ. ಆದರೆ ಬರುವ ಭಾನುವಾರ ಆಕೆ ಅಲ್ಲಿ ಹೋಗಿ ಬರೀ ನೀಲಿ ಕಂಡರೆ? ಚೀಲ ಹೆಗಲಿಗೇರಿಸಿ ಬಾಗಿಲವರೆಗೆ ಹೋದವನು ತಿರುಗಿ ಬಂದ.

"ಏ, ಕೇಳು. ಪುಟ್ಟಿ ಇಟ್ಟಿದ್ದಳಲ್ಲ, ಅದು... ತೆಗೀಬೇಕಂತೆ."

ಹೊಲಿಗೆ ಯಂತ್ರ ನಿಂತಿತು. ಆ ಹೆಸರು ಆ ಮನೆಯಲ್ಲಿ ಕೇಳಿ ಎಷ್ಟೋ ಕಾಲವಾಗಿತ್ತು. ಆಕೆ ಅಳುತ್ತಾಳೆ, ಇಲ್ಲವೇ ಹರಿಹಾಯುತ್ತಾಳೆ ಎಂದು ಅವನು ಕಾದ. ಆಕೆ ಸೂಜಿಯ ದಾರ ಕತ್ತರಿಸಿ ಎದ್ದಳು.

"ಬೇರೆ ಯಾರ ಕೈಯಲ್ಲೂ ತೆಗೆಸಬೇಡಿ. ನಾನೂ ಬರ್ತೀನಿ."

ಖಾಲಿ ಹಾಲಿನಲ್ಲಿ ಇಬ್ಬರೂ ಬಗ್ಗಿ ನಿಂತರು. ಮೇಸ್ತ್ರಿ ಅಭ್ಯಾಸಬಲದಿಂದ ಉಳಿ ಎತ್ತಿಕೊಂಡ. ಒಂದೇಟಿನ ಕೆಲಸ.

"ಉಳಿ ಬೇಡ ರೀ. ಮೆಲ್ಲಗೆ."

ಅವನು ಉಳಿ ಕೆಳಗಿಟ್ಟು ಉಜ್ಜುಕಾಗದ ಮಡಚಿಕೊಂಡ. ಹಸಿರು ಹೋಯಿತು, ಬಿಳುಪು ಬಂತು, ಹೆಬ್ಬೆರಳಿನ ಗೆರೆಗಳು ಒಂದೊಂದಾಗಿ ಸವೆದವು. ಕೆಲಸ ಮುಗಿದಾಗ, ಎಲ್ಲ ಮೇಸ್ತ್ರಿಗಳೂ ಮಾಡುವಂತೆ, ಪುಡಿ ಹಾರಿಸಲು ಬಾಯಿ ಮುಂದೆ ತಂದ. ಹೆಂಡತಿ ತಟ್ಟನೆ ಅವನ ಬಾಯಿಗೆ ಕೈ ಅಡ್ಡ ಹಿಡಿದಳು.

"ಊದಬೇಡಿ!"

ಕುಂಚದಿಂದ ಆಕೆ ಆ ಚಿಟಿಕೆ ಪುಡಿಯನ್ನು ಅಂಗೈಗೆ ಎಳೆದುಕೊಂಡಳು. ಎಳೆದುಕೊಂಡಳು, ಆಮೇಲೆ ಅದನ್ನು ಏನು ಮಾಡುವುದೆಂದು ತಿಳಿಯದೆ ಸುಮ್ಮನೆ ನಿಂತಳು.

ಮೇಸ್ತ್ರಿ ಬಟ್ಟಲಲ್ಲಿ ಹೊಸ ಪ್ಲಾಸ್ಟರ್ ಕಲಸುತ್ತಿದ್ದ, ಹಿರಿಯ ದ್ವೀಪದ ಒಡೆದ ಉಂಗುರಕ್ಕೆ. ಹಳೆಯ ಪುಡಿ ಹೊಸದಕ್ಕೆ ಬೀಳಬಾರದು. ಬಿದ್ದರೆ ಬೇಗ ಗಟ್ಟಿಯಾಗಿ, ನುಣುಪು ಮಾಡುವ ಮೊದಲೇ ಕೈಗೆ ಸಿಗದ ಹಾಗಾಗುತ್ತದೆ. ಪುಟ್ಟಿಗೆ ಇದಕ್ಕೇ ಎಷ್ಟು ಸಲ ಬೈದಿದ್ದನೋ. ಅವನು ಬಟ್ಟಲನ್ನು ಹೆಂಡತಿಯ ಮುಂದೆ ಹಿಡಿದ.

"ಹಾಕು."

"ಹಾಳಾಗಲ್ವಾ?"

"ಆಗಲಿ ಬಿಡು."

ಆಕೆ ಅಂಗೈ ಕೊಡವಿದಳು. ಅವನು ಅವಸರದಲ್ಲಿ ಒಡೆದ ಅಂಚಿಗೆ ಮೆತ್ತಿದ. ಎರಡು ಸಲ ಕರಣೆ ಆಡಿಸುವುದರೊಳಗೆ ಅದು ಬಿಗಿಯತೊಡಗಿತು. ನುಣುಪಾಗಲಿಲ್ಲ, ಉಬ್ಬುತಗ್ಗು ಹಾಗೇ ಉಳಿಯಿತು. ಹವಳದ ದಂಡೆಗೆ ಉಬ್ಬುತಗ್ಗಿದ್ದರೆ ಯಾವ ಮಗುವೂ ಹೆಸರು ಕೇಳುವುದಿಲ್ಲ.

ಆಕೆ ಅದರ ಮೇಲೆ ಅಂಗೈ ಇಟ್ಟಳು. ಇಟ್ಟವಳು ಗಂಡನ ಮುಖ ನೋಡಿದಳು. ಅವನು ಈ ಕೆಲಸದ ಎಲ್ಲವನ್ನೂ ಮಗಳಿಗೆ ಹೇಳಿದ್ದ, ಹೆಂಡತಿಗೆ ಒಂದನ್ನೂ ಹೇಳಿರಲಿಲ್ಲ.

"ರೀ... ಬೆಚ್ಚಗಿದೆ ರೀ ಇದು."

ಅದು ಎಷ್ಟು ಬೇಗ ತಣ್ಣಗಾಗುತ್ತದೆ ಎಂದು ಮೇಸ್ತ್ರಿಗೆ ಚೆನ್ನಾಗಿ ಗೊತ್ತಿತ್ತು. ಅವನು ಆಕೆಯ ಕೈಯ ಮೇಲೆ ತನ್ನ ಕೈ ಇಟ್ಟ.

"ಹೂಂ. ಇನ್ನೂ ಸ್ವಲ್ಪ ಹೊತ್ತು ಇರುತ್ತೆ," ಎಂದ.