ಬೆಳಗಿನ ಗಂಜಿ, ಸಂಜೆಯ ಹುಗ್ಗಿ

ಹಾರ ಹಿಡಿದು ಒಳಬಂದ ಅಂಗಡಿ ಮಂಜಯ್ಯನನ್ನು ಕಂಡದ್ದೇ ತಡ, ಶಿಲ್ಪಶ್ರೀ ಅಡುಗೆಮನೆಗೆ ನುಗ್ಗಿದಳು. ನಡುಮನೆಯಲ್ಲಿ, ಬೆಳಗಿನ ಜಾವ ತೀರಿಕೊಂಡ ಮಾವ ಶಾಂತವೀರಪ್ಪನವರನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆತುಂಬ ವಿಭೂತಿ, ಎಡ ಅಂಗೈಯಲ್ಲಿ ಇಷ್ಟಲಿಂಗ. ನರಸಿಂಹರಾಜಪುರದಲ್ಲಿ ಮೂವತ್ತು ವರ್ಷ ಹಿಟ್ಟಿನ ಗಿರಣಿ ನಡೆಸಿದ ಮನುಷ್ಯ. ಲಿಂಗಪೂಜೆಯಾಗದೆ ಒಂದು ದಿನವೂ ಬಾಯಿಗೆ ನೀರು ಹಾಕಿದವರಲ್ಲ.

"ಇಂಥ ನೇಮಸ್ಥ ಇನ್ನೊಬ್ರಿಲ್ಲ ಮಾರಾಯ," ಎಂದರು ಕ್ರಿಯೆ ಮಾಡಿಸಲು ಬಂದಿದ್ದ ಕರಿಬಸವಯ್ಯನವರು.

"ಹೌದೌದು," ಎಂದು ಮಂಜಯ್ಯ ಕೆಮ್ಮಿದ.

ಶಿಲ್ಪಶ್ರೀ ಅಡುಗೆಮನೆಯ ಬಾಗಿಲ ಸಂದಿಯಿಂದ ಅವನ ಬಾಯನ್ನೇ ನೋಡಿದಳು.

*

ಎರಡು ವರ್ಷದ ಹಿಂದೆ, ಕ್ಯಾನ್ಸರಿನ ಎರಡನೇ ಇಂಜೆಕ್ಷನ್ ಆಗುವಷ್ಟರಲ್ಲಿ ಮಾವ ಒಂಬತ್ತು ಕಿಲೋ ಇಳಿದಿದ್ದರು. ಬಾಯಿತುಂಬ ಹುಣ್ಣು, ನಾಲಿಗೆಗೆ ರುಚಿಯಿಲ್ಲ. ಸಾಲದ್ದಕ್ಕೆ ಮನೆಯವರು ಪಥ್ಯವೆಂದು ಬರೀ ಗಂಜಿತಿಳಿ ಕೊಡುತ್ತಿದ್ದರು.

"ಪಥ್ಯ ಗಿಥ್ಯ ಬಿಡಿ," ಎಂದು ಗದರಿದರು ಆಸ್ಪತ್ರೆಯಲ್ಲಿ ಊಟದ ವಿಚಾರ ನೋಡುವ ಮೇಡಂ. "ಹೀಗೇ ಇಳಿದ್ರೆ ಮುಂದಿನ ಇಂಜೆಕ್ಷನ್ ತಡ್ಕೊಳ್ಳಲ್ಲ. ಹಾಲು, ಬೇಳೆ, ಶೇಂಗಾ ಕೊಡಿ. ಬೇಯಿಸಿದ ಮೊಟ್ಟೆಯ ಬಿಳಿಭಾಗ ಆಗುತ್ತಾ?"

"ಶಿವ ಶಿವಾ!" ಅತ್ತೆ ಶಂಕರಮ್ಮ ಎರಡೂ ಕಿವಿ ಮುಚ್ಚಿಕೊಂಡರು.

ಮಾರನೆಯ ದಿನವೇ ಶಿಲ್ಪಶ್ರೀ ಮಂಜಯ್ಯನ ಅಂಗಡಿಯಿಂದ ಸೆರಗಿನಲ್ಲಿ ಮುಚ್ಚಿ ಮೊಟ್ಟೆ ತಂದಳು. ಬಚ್ಚಲ ಒಲೆಯಲ್ಲಿ ಬೇಯಿಸಿ, ಬಿಳಿಯನ್ನು ನುಣ್ಣಗೆ ಅರೆದು ಬೆಳಗಿನ ರಾಗಿ ಗಂಜಿಗೆ ಬೆರೆಸಿದಳು. ದಿನಾ ಅದೇ. ತೂಕ ಇಳಿಯುವುದು ನಿಂತಿತು. ಆರೂ ಇಂಜೆಕ್ಷನ್ ಮುಗಿದವು. ಮಾವ ಮತ್ತೆ ಒಂದೂವರೆ ವರ್ಷ ಗಿರಣಿ ನಡೆಸಿದರು.

*

"ಅತ್ತೆ, ಮಣ್ಣು ಮಾಡೋಕ್ ಮುಂಚೆ ಹೇಳ್ಬಿಡ್ತೀನಿ." ನೀರು ಕುಡಿಯಲು ಬಂದ ಶಂಕರಮ್ಮನ ಕೈಹಿಡಿದು ಶಿಲ್ಪಶ್ರೀ ಎಲ್ಲವನ್ನೂ ಹೇಳಿ ಬಿಕ್ಕಿದಳು. "ಅವ್ರ ನೇಮ ಕೆಡಿಸಿದೆ. ಲಿಂಗ ಹಿಡ್ಕಂಡು ಕೂತಿದಾರೆ, ನೋಡಕ್ಕೇ ಆಗ್ತಿಲ್ಲ."

ಶಂಕರಮ್ಮ ಬಾಗಿಲು ಮುಂದೆ ಮಾಡಿದರು. "ದಿನಕ್ಕೆಷ್ಟು?"

"ಎರಡು."

"ಅಯ್ಯೋ ನನ್ ಶಿವನೇ! ನಾನೂ ಎರಡು ಹಾಕ್ತಿದ್ನಲ್ಲೇ, ಸಂಜೆ ಹುಗ್ಗಿಗೆ! ಮಂಜಯ್ಯನ ಅಂಗಡಿಯಿಂದ್ಲೇ ತಂದು, ಪಕ್ಕದ್ಮನೆ ಸುಮಿತ್ರಮ್ಮನ ಕೈಲಿ ಬೇಯಿಸ್ಕಂಡು!"

"ನೀವಾ? ಕಿವಿ ಮುಚ್ಕಂಡಿದ್ರಿ!"

"ಮುಚ್ಕಂಡ್ರೆ ಕೇಳ್ಸಲ್ವಾ? ಅದಕ್ಕೇ ಆ ಮಂಜಯ್ಯ ನನ್ನ ಕಂಡಾಗ್ಲೆಲ್ಲ ಹಲ್ಲು ಕಿರಿಯೋನು!"

"ಪಾಪ ಅಲ್ವಾ ಅತ್ತೆ?"

"ಬಂದ್ರೆ ಬರ್ಲಿ, ಇಬ್ರೂ ಹಂಚ್ಕಳಣ. ಅವ್ರಿಗೆಂತ ಗೊತ್ತಿತ್ತು? ಒಂದೂವರೆ ವರ್ಷ ನಮ್ ಜೊತೆ ಇದ್ರಲ್ಲ ಕೂಸೇ."

ಎರಡು ವರ್ಷದಿಂದ ಎದೆಯ ಮೇಲಿದ್ದ ಕಲ್ಲು ಇಳಿದಂತಾಗಿ ಶಿಲ್ಪಶ್ರೀಗೆ ನಗು ಉಕ್ಕಿತು. ಶಂಕರಮ್ಮನಿಗೂ ತಡೆಯಲಾಗಲಿಲ್ಲ. ಜೊತೆಗೇ ಕಣ್ಣೀರೂ ಸುರಿಯಿತು, ಅದೇನು ಸುಳ್ಳಲ್ಲ.

"ಪಾಪ, ಅತ್ತೆ ಸೊಸೆ ಎಷ್ಟು ಅಳ್ತಿದಾರೆ," ಎಂದು ಹೊರಗೆ ಕರಿಬಸವಯ್ಯನವರು ಕಣ್ಣೊರೆಸಿಕೊಂಡು, ತಾಳ ಜೋರು ಮಾಡುವಂತೆ ಭಜನೆಯವರಿಗೆ ಸನ್ನೆ ಮಾಡಿದರು. ಒಳಗೆ ಅವರಿಬ್ಬರೂ ನೆಲದ ಮೇಲೆ ಕುಸಿದು, ಒಂದೇ ಸೆರಗನ್ನು ಎರಡು ಕಡೆಯಿಂದ ಬಾಯಿಗೆ ತುರುಕಿಕೊಂಡಿದ್ದರು.