ಬಾವಿ ಸ್ಟಾಪಿನ ಕೆಳಗೆ ಮೂರನೇ ಕಂಬ

ಮನೆಯಿಂದ ಕೆಲಸದ ಜಾಗಕ್ಕೆ ಟ್ರಾಮಿನಲ್ಲಿ ಇಪ್ಪತ್ತಾರು ನಿಮಿಷ, ನಾಲ್ಕು ಚರ್ಚು. ಒಟೀಲಿಯಾ ಹನ್ನೊಂದು ವರ್ಷಗಳಿಂದ ಆ ದಾರಿಯನ್ನು ಹೀಗೇ ಅಳೆಯುತ್ತ ಬಂದವಳು. ಚರ್ಚು ಬಂತೆಂದರೆ ಟ್ರಾಮಿನಲ್ಲಿದ್ದವರೆಲ್ಲ ಮೂರು ಸಲ ಶಿಲುಬೆಯ ಗುರುತು ಹಾಕಿಕೊಳ್ಳುತ್ತಾರೆ: ಹಣೆ, ಹೊಟ್ಟೆ, ಬಲ ಭುಜ, ಎಡ ಭುಜ. ಫೋನಿನಲ್ಲಿ ಜಗಳವಾಡುತ್ತಿದ್ದವನ ಕೈಯೂ ತಾನಾಗಿ ಏಳುತ್ತದೆ. ಜಗಳ ಮಾತ್ರ ನಿಲ್ಲುವುದಿಲ್ಲ. ಎರಡನೆಯ ಚರ್ಚು ಹತ್ತು ಮಹಡಿಯ ಕಟ್ಟಡಗಳ ಬೆನ್ನಿಗೆ ಅಡಗಿ ಕೂತಿದೆ, ಗೋಪುರದ ತುದಿಯೂ ಕಾಣದು. ಆದರೂ ಔಷಧಿ ಅಂಗಡಿ ದಾಟಿದೊಡನೆ ಕೈಗಳು ಏಳುತ್ತವೆ. ಹೊಸಬರು ಮುಂದಿನವರ ಕೈ ನೋಡಿ ತಮ್ಮ ಕೈ ಎತ್ತುತ್ತಾರೆ. ಚರ್ಚು ಎಲ್ಲಿದೆ ಎಂದು ಯಾರೂ ಕೇಳುವುದಿಲ್ಲ.

ನವೆಂಬರಿನ ಆ ಬುಧವಾರ ಬೆಳಿಗ್ಗೆ ಕೈಗಳು ಐದನೆಯ ಸಲ ಎದ್ದವು.

ಟ್ರಾಮು ಇಳಿಜಾರಿನ ನೆತ್ತಿಗೆ ಬಂದಿತ್ತು. ಎಡಕ್ಕೆ ಟೈರಿನ ಅಂಗಡಿ, ಬಲಕ್ಕೆ ಹಳೆಯ ಸಾಬೂನು ಕಾರ್ಖಾನೆಯ ಗೋಡೆ. ಅಲ್ಲಿ ಚರ್ಚಿಲ್ಲ, ಇದ್ದದ್ದೂ ಇಲ್ಲ. ಮೊದಲು ಎದ್ದದ್ದು ಚಾಲಕ ವೆನಿಯಾಮಿನ್‌ನ ಕೈ. ಅವನ ಗಾಜಿನ ಬಾಗಿಲಿಗೆ ಆತು ನಿಂತಿದ್ದ ಒಟೀಲಿಯಾ ಅದನ್ನು ನೋಡಿದಳು. ಅವನನ್ನು ನೋಡಿ ಮುಂದಿನ ಸೀಟಿನವರು, ಅವರನ್ನು ನೋಡಿ ಹಿಂದಿನವರು. ಗಾಳಿಗೆ ಪೈರು ಬಾಗಿದಂತೆ ಆ ಗುರುತು ಟ್ರಾಮಿನ ಬಾಲದವರೆಗೂ ಹೋಯಿತು. ಆಮೇಲೆ ಟ್ರಾಮು ಮೂತಿ ತಗ್ಗಿಸಿ ಇಳಿಯತೊಡಗಿತು.

"ಅಮ್ಮಾ, ಇಲ್ಲಿ ಯಾವ ಚರ್ಚು?" ಎಂದಳು ಇಲಿಂಕಾ. ಒಂಬತ್ತು ವರ್ಷದ ಹುಡುಗಿ, ಬೆನ್ನ ಮೇಲೆ ತನಗಿಂತ ಅಗಲವಾದ ಹಳದಿ ಬ್ಯಾಗು.

"ಯಾವುದೂ ಇಲ್ಲ ಕಣೇ."

"ಇರತ್ತೆ ಬಿಡಮ್ಮ, ಹಿಂದೆ ಎಲ್ಲೋ ಇರತ್ತೆ," ಎಂದರು ಪಕ್ಕದ ಸೀಟಿನ ಅಗ್ಲಾಯಾ ಅಜ್ಜಿ. ಅವರದು ದಿನವೂ ಅದೇ ಸೀಟು, ಮಡಿಲಲ್ಲಿ ಅದೇ ಉಪ್ಪುಸೌತೆಯ ಡಬ್ಬಿ. "ಹಾಕ್ಕೊಂಡ್ರೆ ಕೈ ಏನು ಸವೆಯಲ್ಲ. ಲೋ ಮಾರಾಯ, ಆ ಕಿಟಕಿ ಮುಚ್ಚೋ, ಗಾಳಿ ಬಡಿದು ಎಲ್ಲರೂ ಸಾಯ್ತೀವಿ."

ಕಿಟಕಿ ಮುಚ್ಚಿತು. ಯಾವುದೋ ಜರ್ಮನ್ ಊರಿನಲ್ಲಿ ಮೂವತ್ತು ವರ್ಷ ಓಡಿ, ಮುಪ್ಪಿನಲ್ಲಿ ಇಲ್ಲಿಗೆ ಬಂದ ಟ್ರಾಮು ಅದು; ಕಿಟಕಿಯ ಮೇಲಿನ ಜರ್ಮನ್ ಎಚ್ಚರಿಕೆಯನ್ನು ಇಲ್ಲಿ ಯಾರೂ ಓದಲಾರರು. ಹೊರಗೆ ಲಿಂಡನ್ ಮರಗಳು ಎಲೆ ಉದುರಿಸಿ ಹಳಿಗಳ ಮೇಲೆ ಲೋಳೆಯ ಚಾಪೆ ಹಾಸಿದ್ದವು. ಇಳಿಜಾರಿನ ನಡುವೆ, ಹಿಂದೆ ಬಾವಿ ಸ್ಟಾಪು ಇದ್ದಲ್ಲಿ, ಬೋರ್ಡು ಕಿತ್ತ ಕಂಬವೊಂದು ಸರ್ರನೆ ಹಿಂದಕ್ಕೆ ಹೋಯಿತು. ಒಟೀಲಿಯಾ ಕಂಬಿಯನ್ನು ಬಿಗಿಯಾಗಿ ಹಿಡಿದಳು.

ಬಾವಿ ಸ್ಟಾಪನ್ನು ಆಗಸ್ಟಿನಲ್ಲಿ ತೆಗೆದಿದ್ದರು. ಅದಕ್ಕೂ ಮೊದಲು ಶಾಲೆಯ ಆಟದ ಕೋಣೆಯಲ್ಲಿ ಸಭೆ ಕರೆದಿದ್ದರು. ಟ್ರಾಮು ಕಚೇರಿಯ ಯೋಜನಾ ವಿಭಾಗದ ಯುವಕನೊಬ್ಬ ಬಣ್ಣದ ನಕ್ಷೆ ತೋರಿಸಿ, ಆ ಸ್ಟಾಪಿನಲ್ಲಿ ದಿನಕ್ಕೆ ಹತ್ತುವವರು ಏಳೇ ಜನ, ತೆಗೆದರೆ ಎಲ್ಲರಿಗೂ ಒಂದು ನಿಮಿಷ ನಲವತ್ತು ಸೆಕೆಂಡು ಉಳಿಯುತ್ತದೆ ಎಂದಿದ್ದ. ಬೆಟ್ಟ ಸುತ್ತಿ ಹೋಗುತ್ತಿದ್ದ ಬಸ್ಸೂ ಇನ್ನು ಬೇಡ, ಟ್ರಾಮಿದೆಯಲ್ಲ ಎಂದಿದ್ದ. ಒಪ್ಪಿದವರು ಕೈ ಎತ್ತಿ ಅಂದಾಗ ಒಟೀಲಿಯಾಳೂ ಎತ್ತಿದ್ದಳು. ಬೆಳಿಗ್ಗೆ ಹೊತ್ತಿನ ಒಂದು ನಿಮಿಷ ನಲವತ್ತು ಸೆಕೆಂಡು ಎಂದರೆ ಮಗಳ ಒಂದು ಜಡೆ.

ಗುರುವಾರವೂ ಇಳಿಜಾರಿನ ನೆತ್ತಿಗೆ ಬಂದಾಗ ಚಾಲಕನ ಕೈ ಎದ್ದಿತು. ಈ ಸಲ ಅವನ ತುಟಿಗಳೂ ಅಲುಗಿದ್ದನ್ನು ಅವಳು ಕಂಡಳು. ಬರುವ ಸೋಮವಾರದಿಂದ ಅವಳ ಪಾಳಿ ಆರು ಗಂಟೆಗೆ. ಗಂಡ ಇಟಲಿಯಲ್ಲಿ ಲಾರಿ ಓಡಿಸುತ್ತಾನೆ. ಇಲಿಂಕಾ ಏಳೂಕಾಲರ ಟ್ರಾಮಿನಲ್ಲಿ ಒಬ್ಬಳೇ ಈ ಇಳಿಜಾರು ಇಳಿಯಬೇಕು.

ಮಗಳನ್ನು ಶಾಲೆಯ ಬಳಿ ಇಳಿಸಿ, ತಾನು ಇಳಿಯದೆ ಕೊನೆಯ ಸ್ಟಾಪಿನವರೆಗೆ ಹೋದಳು. ವೆನಿಯಾಮಿನ್ ಮೆಟ್ಟಿಲ ಮೇಲೆ ಕೂತು ಉಪ್ಪಿನ ಬಳೆರೊಟ್ಟಿ ತಿನ್ನುತ್ತಿದ್ದ.

"ಅಣ್ಣಾ, ಟೈರ್ ಅಂಗಡಿ ಹತ್ರ ಯಾವ ಚರ್ಚಿದೆ?"

ಅವನು ಅಗಿಯುವುದನ್ನು ನಿಲ್ಲಿಸಿದ. "ನೀವೊಬ್ರೇ ಕೇಳಿದ್ದು."

"ಹೇಳಿ, ಪರವಾಗಿಲ್ಲ."

"ಬಾವಿ ಸ್ಟಾಪಲ್ಲಿ ಏಳು ಜನ ಹತ್ತುತಿದ್ರು ಅಂತ ಲೆಕ್ಕ ಬರೆದ್ರಲ್ಲ, ಎಂಟನೇದು ನಾನು. ಅಲ್ಲಿ ಬ್ರೇಕು ಹಿಡಿದು ಟ್ರಾಮು ನಿಂತ್ರೆ ಕೆಳಗೂ ನಿಲ್ಲತ್ತೆ ಅಂತ ಗೊತ್ತಾಗ್ತಿತ್ತು. ನಿಧಾನ ಮಾಡೋದು ಬೇರೆ, ನಿಲ್ಸೋದು ಬೇರೆ, ಅಕ್ಕಾ."

"ಈಗ?"

"ಈಗ ಕೆಳಗೆ ಹೋದ್ಮೇಲೇ ಗೊತ್ತಾಗೋದು."

ಕೆಳಗೆ ಎಂದರೆ ಸಂತೆಯ ಚೌಕ. ತಿರುವು, ತರಕಾರಿ ಕಟ್ಟೆಗಳು, ಶಾಲೆಯ ಗೇಟು.

"ನೀವೇ ನಿಲ್ಲಿಸಬಾರದಾ ಅಲ್ಲಿ?"

"ಸ್ಟಾಪಿಲ್ಲದ ಕಡೆ ನಿಲ್ಸಿದ್ರೆ ಮಿಷನ್ನು ಬರ್ಕೊಳತ್ತೆ. ಎರಡು ಸಲ ಬರ್ಕೊಂಡಿದೆ, ಮೂರಾದ್ರೆ ಮನೆ. ಮೇಲಿನವ್ರಿಗೆ ಅರ್ಜಿ ಕೊಟ್ಟೆ, ವೇಳಾಪಟ್ಟೀಲಿ ಜಾಗ ಇಲ್ಲ ಅಂದ್ರು." ಉಳಿದ ರೊಟ್ಟಿಯ ಚೂರನ್ನು ಅವನು ಪಾರಿವಾಳಕ್ಕೆ ಎಸೆದ. "ಪ್ರಯಾಣಿಕರಿಗೆ ಹುಷಾರು ತಪ್ಪಿದ್ರೆ ಮಾತ್ರ ಎಲ್ಲಿ ಬೇಕಾದ್ರೂ ನಿಲ್ಲಿಸಬೋದು. ಅದು ನಿಯಮದಲ್ಲೇ ಇದೆ." ಅಷ್ಟು ಹೇಳಿ ಅವಳ ಮುಖ ನೋಡಲಿಲ್ಲ.

ಮಧ್ಯಾಹ್ನ ದೂರಿನ ನಂಬರಿಗೆ ಫೋನು ಮಾಡಿದಳು. ಒಂಬತ್ತು ಕೆಲಸದ ದಿನಗಳೊಳಗೆ ಉತ್ತರ ಬರುತ್ತದೆಂದು ಮೊದಲೇ ಮುದ್ರಿಸಿಟ್ಟ ದನಿಯೊಂದು ತುಂಬ ಅಕ್ಕರೆಯಿಂದ ಹೇಳಿತು. ಪಾಳಿ ಬದಲಿಸಿ ಎಂದು ಕೇಳಿದ್ದಕ್ಕೆ ಲ್ಯಾಬಿನ ಯಜಮಾನ, "ಟ್ರಾಮಿಗೆ ಹೆದರ್ತೀಯಾ? ದೇವರೇ, ನಾಳೆ ಲಿಫ್ಟಿಗೂ ಹೆದರ್ತೀಯ," ಎಂದು ನಕ್ಕ. ಮಗಳನ್ನು ನಡೆದೇ ಹೋಗು ಅನ್ನಲು ಇಳಿಜಾರಿನಲ್ಲಿ ಕಾಲುದಾರಿಯಿಲ್ಲ; ಲಾರಿಗಳು ಗೋಡೆ ಸವರಿಕೊಂಡು ಇಳಿಯುತ್ತವೆ.

ಶುಕ್ರವಾರ ನೆತ್ತಿಯ ಮೇಲೆ ಎಲ್ಲರ ಕೈಗಳು ಎದ್ದವು. ಮೂರನೆಯ ದಿನಕ್ಕೆ ಅದು ರೂಢಿಯೇ ಆಗಿಹೋಗಿತ್ತು. ಒಟೀಲಿಯಾ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಹಳದಿ ಬ್ಯಾಗಿನ ಪಟ್ಟಿ ಹಿಡಿದಿದ್ದಳು. ಬೋರ್ಡು ಕಿತ್ತ ಕಂಬ ಹತ್ತಿರವಾಯಿತು. ಇಷ್ಟು ಜನರ ಮುಂದೆ ಸುಳ್ಳು ಹೇಳುವ ನಾಚಿಕೆ, ಸಾಯುವ ಭಯಕ್ಕಿಂತ ಒಂದು ಗಳಿಗೆ ದೊಡ್ಡದಾಗಿತ್ತು.

"ನಿಲ್ಸಿ. ನಂಗೆ ತಲೆ ಸುತ್ತುತಿದೆ."

ವೆನಿಯಾಮಿನ್ ಈ ಮಾತಿಗೇ ಕಾದಿದ್ದವನಂತೆ ಹಿಡಿಕೆ ಎಳೆದ. ಕಬ್ಬಿಣ ಕಿರುಚಿತು. ಟ್ರಾಮು ನಿಲ್ಲಲಿಲ್ಲ. ಚಕ್ರಗಳು ಕಚ್ಚಿಕೊಂಡಿದ್ದರೂ ಅದು ಎಲೆಗಳ ಮೇಲೆ ಮೆತ್ತಗೆ ಜಾರುತ್ತಲೇ ಇತ್ತು. ಬೆಣ್ಣೆಯ ಮೇಲೆ ಚಾಕು ಹೋದ ಹಾಗೆ, ಆತುರವಿಲ್ಲದೆ. ತಂತಿ ಹೊತ್ತ ಒಂದು ಕಂಬ ಕಿಟಕಿ ದಾಟಿತು. ಇನ್ನೊಂದು ಬಂತು. ಅದರ ಪಕ್ಕ, ಉಸಿರು ಬಿಟ್ಟಂತೆ ಸದ್ದು ಮಾಡಿ, ನಿಂತಿತು.

ಈಗ ಅವಳಿಗೆ ನಿಜಕ್ಕೂ ತಲೆ ಸುತ್ತುತ್ತಿತ್ತು.

"ಗಾಳಿ ಬಡಿದಿದೆ," ಎಂದರು ಅಗ್ಲಾಯಾ ಅಜ್ಜಿ. "ನಾನು ಹೇಳಿರಲಿಲ್ವಾ?" ಆದರೆ ಅವರ ಕಣ್ಣು ಕಿಟಕಿಯಾಚೆಯ ಕಂಬದ ಮೇಲಿತ್ತು.

ವೆನಿಯಾಮಿನ್ ನೀರಿನ ಬಾಟಲಿ ಹಿಡಿದು ಬಂದ. ಬಾಗಿ, ತಗ್ಗಿದ ದನಿಯಲ್ಲಿ, "ಎರಡು ಕಂಬದಷ್ಟು ಜಾರ್ತು. ಮುಂಚೆ ಅರ್ಧ ಕಂಬದ ದೂರದೊಳಗೆ ನಿಲ್ತಿತ್ತು," ಎಂದ.

"ಮೂರಾದ್ರೆ? ಸೋಮವಾರದಿಂದ ಇವಳೊಬ್ಬಳೇ ಬರೋದು."

"ಮೂರಾದ್ರೆ ಮುಂದಕ್ಕೆ ಹೋಗಲ್ಲ. ಕೀಲಿ ತಗೊಂಡು ಇಳಿದುಬಿಡ್ತೀನಿ. ಕೆಲಸ ಹೋದ್ರೆ ಹೋಗ್ಲಿ."

ಅಜ್ಜಿಯ ಕಿವಿ ಚುರುಕು. ಉಪ್ಪುಸೌತೆಯ ಡಬ್ಬಿಯನ್ನು ಎದೆಗೆ ಒತ್ತಿಕೊಂಡು, "ಸೋಮವಾರ ನಂಗೆ ತಲೆ ಸುತ್ತತ್ತೆ," ಎಂದರು. "ನನ್ನ ವಯಸ್ಸಿಗೆ ಯಾರೂ ಅನುಮಾನ ಪಡಲ್ಲ. ಹುಡುಗೀನ ನನ್ನ ಪಕ್ಕದಲ್ಲೇ ಕೂರಿಸ್ಕೋತೀನಿ, ನೀನು ಹೋಗು ಮಗಳೇ."

"ಮಂಗಳವಾರ ನಂಗೆ ಹೊಟ್ಟೆನೋವು," ಎಂದಳು ಇಲಿಂಕಾ. "ಅವತ್ತು ಗಣಿತ ಪರೀಕ್ಷೆ."

ಸೋಮವಾರ ಒಟೀಲಿಯಾ ಕತ್ತಲಿರುವಾಗಲೇ ಇಳಿದು ಹೋಗಿದ್ದಳು. ಅವಳು ಕೆಲಸ ಮಾಡುವ, ಹಲ್ಲಿನ ಸೆಟ್ಟುಗಳ ಲ್ಯಾಬು ಚೌಕದ ಆಚೆ ಮೂರನೆಯ ಮಹಡಿಯಲ್ಲಿತ್ತು. ಕಿಟಕಿಯ ತುಂಬ ಇಳಿಜಾರು. ಏಳೂವರೆಗೆ ಅವಳು ಯಾರದೋ ಮೇಲ್ದವಡೆಯನ್ನು ಕೈಯಲ್ಲಿ ಹಿಡಿದುಕೊಂಡೇ ಕಿಟಕಿಗೆ ಬಂದಳು. ರಾತ್ರಿ ಮಂಜು ಬಿದ್ದಿತ್ತು, ಹಳಿಗಳು ಮಿನುಗುತ್ತಿದ್ದವು.

ನೆತ್ತಿಯ ಮೇಲೆ ಟ್ರಾಮಿನ ಮೂತಿ ಕಂಡಿತು. ಒಂದು ಗಳಿಗೆ ಅಲ್ಲೇ ತಡೆಯಿತು. ಈಗ ಕೈಗಳು ಏಳುತ್ತಿವೆ ಎಂದುಕೊಂಡಳು. ಅದು ಇಳಿಯಿತು. ಬೋರ್ಡು ಕಿತ್ತ ಕಂಬ. ಕಿರುಚಾಟ ಇಲ್ಲಿಯವರೆಗೂ ಕೇಳಿಸಿತು. ಮೊದಲ ಕಂಬ. ಎರಡನೆಯದು. ನಿಲ್ಲಲಿಲ್ಲ. ಅವಳ ಬೆರಳುಗಳು ಆ ದವಡೆಯನ್ನು ಹಿಂಡಿದವು, ಹಲ್ಲೊಂದು ಅಂಗೈಗೆ ಚುಚ್ಚಿತು. ಮೂರನೆಯ ಕಂಬ ಬಂತು, ದಾಟಿತು, ಅದರಾಚೆ ಒಂದು ಬಾಗಿಲಿನಷ್ಟು ದೂರ ಹೋಗಿ ಟ್ರಾಮು ನಿಂತಿತು.

ತುಂಬ ಹೊತ್ತು ಏನೂ ಆಗಲಿಲ್ಲ. ಆಮೇಲೆ ಬಾಗಿಲುಗಳೆಲ್ಲ ಒಟ್ಟಿಗೆ ತೆರೆದವು. ಜನ ಒಬ್ಬೊಬ್ಬರಾಗಿ ಇಳಿದರು. ಕಪ್ಪು ಕೋಟು, ಬೂದು ಕೋಟು, ಕೈಗೋಲು. ಅವಳು ಹಳದಿಯನ್ನು ಹುಡುಕಿದಳು. ಹನ್ನೆರಡು ಜನ, ಹದಿಮೂರು ಜನ, ಹಳದಿಯಿಲ್ಲ. ಖಾಲಿಯಾದರೂ ಜಾರಬಹುದು ಅದು. ಕೊನೆಗೆ ಹಿಂದಿನ ಬಾಗಿಲಿನಲ್ಲಿ ಒಂದು ಡಬ್ಬಿ, ಡಬ್ಬಿಯ ಹಿಂದೆ ಅಜ್ಜಿ, ಅಜ್ಜಿಯ ಕೈ ಹಿಡಿದು ಹಳದಿ ಬ್ಯಾಗು ಹೊತ್ತ ಹುಡುಗಿ.

ಎಲ್ಲರ ಹಿಂದೆ ವೆನಿಯಾಮಿನ್ ಇಳಿದ. ಮುಂದಿನ ಚಕ್ರಕ್ಕೆ ಮರದ ದಿಮ್ಮಿ ಒತ್ತರಿಸಿದ, ಕಾಲಿನಿಂದ ಒದ್ದು ನೋಡಿದ. ಕೀಲಿಯನ್ನು ಜೇಬಿಗೆ ಹಾಕಿ, ಕೆಳಗೆ ಬರುತ್ತಿದ್ದ ಲಾರಿಗಳಿಗೆ ಅಡ್ಡವಾಗಿ ರಸ್ತೆಯ ನಡುವೆ ನಿಂತುಬಿಟ್ಟ. ಜನ ಹಳಿಯ ಪಕ್ಕದಲ್ಲೇ ಸಾಲಾಗಿ ಕೆಳಗಿಳಿಯತೊಡಗಿದರು. ಖಾಲಿ ಟ್ರಾಮಿನ ಮೂತಿ ದಾಟುವಾಗ ಮುಂದಿನವನ ಕೈ ಹಣೆಗೆ ಹೋಯಿತು. ಅವನನ್ನು ನೋಡಿ ಹಿಂದಿನವರ ಕೈ, ಅವರನ್ನು ನೋಡಿ ಅಜ್ಜಿಯ ಕೈ. ಹಳದಿ ಬ್ಯಾಗಿನ ಹುಡುಗಿ ಮಾತ್ರ ತಲೆಯೆತ್ತಿ ಸುತ್ತ ನೋಡಿದಳು, ಯಾವ ಚರ್ಚು ಎಂದು ಹುಡುಕುವವಳಂತೆ.

ಒಟೀಲಿಯಾ ದವಡೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿಯುತ್ತ ಬೀದಿಗೆ ಓಡಿದಳು.