ಎಡ ಕುತ್ತಿಗೆಯ ಐದು ನಿಮಿಷ

ನಮ್ಮ ಮನೆಯಲ್ಲಿ ನನ್ನನ್ನು ಮರೆಗುಳಿ ಅಂತ ಕರೆಯುತ್ತಾರೆ. ಒಂಬತ್ತನೇ ವಯಸ್ಸಿಗೆ ಅಂಟಿದ ಹೆಸರು, ನಲವತ್ತೊಂಬತ್ತಾದರೂ ಬಿಟ್ಟಿಲ್ಲ. ಅಂಟಿಸಿದವಳು ನನ್ನ ಅಕ್ಕ. ಇಪ್ಪತ್ತೆರಡು ವರ್ಷದಿಂದ ಆಸ್ಪತ್ರೆಯಲ್ಲಿ ಎಂಆರ್‌ಐ ಯಂತ್ರ ನಡೆಸುತ್ತಿದ್ದೇನೆ. ಅದರ ಅಯಸ್ಕಾಂತ ಲೋಹವನ್ನು ಸೆಳೆಯುತ್ತದೆ, ಯಾರ ಕೂದಲಿನ ಪಿನ್ನೂ ನನ್ನ ಕಣ್ಣು ತಪ್ಪಿಸಿ ಒಳಗೆ ಹೋಗಿಲ್ಲ. ಯಂತ್ರದ ಕೋಣೆಯ ಬಾಗಿಲು ಹಾಕಿದ ಮೇಲೆ ಮತ್ತೊಮ್ಮೆ ತಳ್ಳಿ ನೋಡುತ್ತೇನೆ. ಜೊತೆಗೆ ಕೆಲಸ ಮಾಡುವವರು ನಗುತ್ತಾರೆ. ನಗಲಿ.

ಆ ಮಂಗಳವಾರ ಬೆಳಗ್ಗೆ ಹನ್ನೊಂದಕ್ಕೆ ನನ್ನ ಯಂತ್ರದ ಮಂಚದ ಮೇಲೆ ಮಲಗಿದವಳು ಅದೇ ಅಕ್ಕ. ಅವಳ ತಲೆಯ ಎಡಭಾಗದಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ ಬೆಳೆದಿತ್ತು. ಬೆಳೆಯಲು ಬೇರೆ ಜಾಗವೇ ಸಿಗಲಿಲ್ಲವೆಂಬಂತೆ ಮಾತು ಹುಟ್ಟುವ ಕಡೆಗೇ ಒತ್ತಿಕೊಂಡು ಕೂತಿತ್ತು. ಗುರುವಾರ ಆಪರೇಷನ್. ಅದಕ್ಕೆ ಮೊದಲು ಡಾಕ್ಟರಿಗೆ ಒಂದು ವಿಷಯ ಗೊತ್ತಾಗಬೇಕಿತ್ತು: ಗಡ್ಡೆಗೆ ರಕ್ತ ಎಲ್ಲಿಂದ ಬರುತ್ತಿದೆ? ಮಿದುಳಿನ ಹೊರಹೊದಿಕೆಗೆ ಹೋಗುವ ಹೊರಗಿನ ನಾಳದಿಂದಾದರೆ ಅದನ್ನು ಮೊದಲೇ ಕಟ್ಟಿಬಿಡಬಹುದು. ಗಡ್ಡೆ ಒಣಗುತ್ತದೆ, ಮಾತಿನ ಜಾಗವನ್ನು ಮುಟ್ಟದೆ ಬಿಡಿಸಬಹುದು. ಮಿದುಳಿಗೇ ಹೋಗುವ ಒಳಗಿನ ನಾಳದಿಂದಾದರೆ ಲೆಕ್ಕವೇ ಬೇರೆ. "ಅದು ಗೊತ್ತಿಲ್ಲದೆ ಕೈ ಹಾಕಿದ್ರೆ ಜೀವ ಉಳಿಸ್ತೀನಿ, ಮಾತಿನ ಭರವಸೆ ಕೊಡಲ್ಲ" ಅಂದಿದ್ದರು ಡಾಕ್ಟರು.

ಅಕ್ಕನ ಕಿಡ್ನಿ ಅರ್ಧ ಕೆಟ್ಟಿತ್ತು. ನಾಳಗಳು ಎದ್ದು ಕಾಣಲು ಕೊಡುವ ಬಣ್ಣದ ಇಂಜೆಕ್ಷನ್ ಕೊಡುವಂತಿರಲಿಲ್ಲ. ಹಾಗಾಗಿ ಉಳಿದಿದ್ದು ಸೂಜಿ ಚುಚ್ಚದ ದಾರಿ. ಕುತ್ತಿಗೆಯಲ್ಲಿ ಹರಿಯುವ ರಕ್ತಕ್ಕೇ ಯಂತ್ರ ಗುರುತು ಹಾಕುತ್ತದೆ, ಒಂದು ಸಲಕ್ಕೆ ಒಂದೇ ನಾಳಕ್ಕೆ. ಗುರುತಿನ ರಕ್ತ ಮೇಲೇರಿದ ಮೇಲೆ ಒಂದು ಚಿತ್ರ, ಗುರುತಿಲ್ಲದ್ದು ಇನ್ನೊಂದು. ಒಂದರಿಂದ ಒಂದನ್ನು ಕಳೆದರೆ ಆ ನಾಳದ ರಕ್ತ ಎಲ್ಲಿಗೆ ಹೋಯಿತೆಂದು ಕಾಣುತ್ತದೆ. ಆ ವ್ಯತ್ಯಾಸ ನೂರಕ್ಕೆ ಒಂದರಷ್ಟು. ರೋಗಿ ತಲೆಯನ್ನು ಒಂದು ಕೂದಲೆಳೆಯಷ್ಟು ಅಲುಗಿಸಿದರೂ ಎಲ್ಲಾ ಕಲಸಿಹೋಗುತ್ತದೆ. ಈ ಕೆಲಸ ಬರುತ್ತಿದ್ದದ್ದು ಇಡೀ ಆಸ್ಪತ್ರೆಯಲ್ಲಿ ನನಗೊಬ್ಬಳಿಗೇ.

"ನೀನಿದ್ದೀಯಲ್ಲ, ನಂಗೆ ಧೈರ್ಯ" ಅಂದು ಭಾವ ಹೊರಗಿನ ಬೆಂಚಿನ ಮೇಲೆ ಕೂತರು. ಒಳ್ಳೆಯ ಮನುಷ್ಯ. ಅವರೂ ನನ್ನನ್ನು ಮರೆಗುಳಿ ಅಂತಲೇ ಕರೆಯುತ್ತಾರೆ, ಪ್ರೀತಿಯಿಂದ.

ಅಕ್ಕನ ತಲೆಯ ಎರಡೂ ಬದಿಗೆ ಸ್ಪಂಜು ತುರುಕಿ, ಕಿವಿಗೆ ಹೆಡ್‌ಫೋನ್ ಹಾಕಿ, ಬೆರಳಿಗೆ ನಾಡಿಯ ಕ್ಲಿಪ್ ಸಿಕ್ಕಿಸಿದೆ. ಕೈಗೆ ರಬ್ಬರ್ ಚೆಂಡು ಕೊಟ್ಟೆ. "ತಡೆಯೋಕಾಗ್ದೆ ಇದ್ರೆ ಇದನ್ನ ಒತ್ತು. ಹೊರಗೆ ಗಂಟೆ ಹೊಡಿಯುತ್ತೆ, ನಿಲ್ಲಿಸ್ತೀನಿ."

"ಏನೇ ಮರೆಗುಳಿ, ಯಾವುದೋ ಸ್ವಿಚ್ಚು ಆರಿಸೋಕೆ ಮರೆತು ನನ್ನನ್ನ ಸುಟ್ಟುಗಿಟ್ಟೀಯ" ಅಂದಳು. ಅವಳಿಗೆ ಅದೊಂದು ತಮಾಷೆ.

ನಾನು ಬಾಗಿಲು ಹಾಕಿದೆ. ತಳ್ಳಿ ನೋಡಿದೆ.

ನಮಗೊಬ್ಬ ತಮ್ಮನಿದ್ದ. ಎರಡೂವರೆ ವರ್ಷದವನು. ಅಮ್ಮ ಮಧ್ಯಾಹ್ನ ಮಲಗಿದ್ದಾಗ ಮಹಡಿಯ ಬಾಗಿಲು ದಾಟಿ ತಾರಸಿಗೆ ಹೋದ, ಕೆಳಗೆ ಬಿದ್ದ, ಅಷ್ಟೇ. ಚಿಲಕ ತೆಗೆದವರು ಯಾರು ಅಂತ ಅಪ್ಪ ಕೂಗಿದಾಗ ಹದಿನಾಲ್ಕು ವರ್ಷದ ಅಕ್ಕ ನನ್ನ ಕಡೆ ಬೆರಳು ತೋರಿಸಿದಳು. "ಇವಳು ಆಟ ಆಡೋಕೆ ಹೋಗಿದ್ಲು. ವಾಪಸ್ ಬರ್ತಾ ಹಾಕೋದು ಮರೆತಿದ್ದಾಳೆ." ಚಿಲಕ ಬಾಗಿಲಿನ ನೆತ್ತಿಯಲ್ಲಿತ್ತು. ನನ್ನ ಕೈಗೆ ಎಟುಕುತ್ತಲೇ ಇರಲಿಲ್ಲ. ಹಾಗಂದೆ. "ಸ್ಟೂಲ್ ಹಾಕ್ಕೊಂಡಿದ್ಲು" ಅಂದಳು ಅಕ್ಕ, ಕಣ್ಣು ಮಿಟುಕಿಸದೆ. ತಾರಸಿಗೆ ಹೋಗಿ ಪಕ್ಕದ ಮನೆಯವನಿಗೆ ಚೀಟಿ ಎಸೆಯುತ್ತಿದ್ದವಳು ಅವಳು. ನಾನು ನೋಡಿದ್ದೆ. ಆದರೆ ನನ್ನ ತಲೆ ಮೇಲೆ ಗೂಬೆ ಕೂರಿಸಿ ಆಗಿತ್ತು, ಆಮೇಲೆ ನನ್ನ ಮಾತು ಯಾರಿಗೆ ಬೇಕು? ಅಮ್ಮ ಸಾಯುವವರೆಗೂ ನನ್ನ ಜೊತೆ ನೆಟ್ಟಗೆ ಮಾತಾಡಲಿಲ್ಲ. ನಾನು ಬಡಿಸಿದ ತಟ್ಟೆಯನ್ನು ಆಚೆ ಸರಿಸುತ್ತಿದ್ದಳು.

ಈಗ ಅಮ್ಮ ಇಲ್ಲ, ಅಪ್ಪ ಇಲ್ಲ. ನಿಜ ಗೊತ್ತಿರುವ ಇನ್ನೊಂದು ಬಾಯಿ ಯಂತ್ರದೊಳಗೆ ಮಲಗಿತ್ತು. ಗುರುವಾರದ ನಂತರ ಅದು ಮಾತಾಡುತ್ತದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. "ಹೌದು, ನಾನೇ" ಅನ್ನೋ ಎರಡು ಮಾತು ನನಗೆ ಬೇಕಿತ್ತು. ಬೇರೇನೂ ಬೇಕಿರಲಿಲ್ಲ.

ಬಲ ಕುತ್ತಿಗೆಯ ಚಿತ್ರ ತೆಗೆದೆ. ಗಡ್ಡೆ ಕಪ್ಪಗೇ ಇತ್ತು, ಆ ಕಡೆಯಿಂದ ಒಂದು ಹನಿಯೂ ಹೋಗುತ್ತಿರಲಿಲ್ಲ. ಇನ್ನು ಎಡಗಡೆಯದು, ಹೊರಗಿನ ನಾಳ, ಐದು ನಿಮಿಷ. ಅದೇ ಮುಖ್ಯ. ಕಂಟ್ರೋಲ್ ರೂಮಿನಲ್ಲಿ ನಾನೊಬ್ಬಳೇ ಇದ್ದೆ. ಯಂತ್ರ ಎರಡು ಸೆಕೆಂಡು ಗುಯ್ ಅನ್ನುತ್ತದೆ, ಎರಡು ಸೆಕೆಂಡು ಸುಮ್ಮನಿರುತ್ತದೆ, ಆಮೇಲೆ ಟಕಟಕ ಬಡಿಯುತ್ತದೆ, ಮತ್ತೆ ಗುಯ್. ಆ ಸುಮ್ಮನಿರುವ ಎರಡು ಸೆಕೆಂಡಿಗೆ ಸರಿಯಾಗಿ ಮಾತನ್ನು ಕತ್ತರಿಸಿ, ಮೈಕಿನ ಗುಂಡಿ ಒತ್ತಿದೆ.

"ಅಕ್ಕಾ, ನಾನು. ಅಲುಗಾಡ್ಬೇಡ."

ಗುಯ್. ಟಕಟಕ.

"ಆ ಚಿಲಕ ತೆಗೆದವಳು ನೀನು."

ಪರದೆಯಲ್ಲಿ ಅವಳ ನಾಡಿ ಎಪ್ಪತ್ತೆರಡಿತ್ತು. ಎಂಬತ್ತೊಂಬತ್ತಾಯಿತು. ಕೇಳಿಸುತ್ತಿದೆ ಅಂತ ಖಾತ್ರಿಯಾಯಿತು. ನನಗೆ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ? ನಲವತ್ತು ವರ್ಷದಲ್ಲಿ ಮೊದಲ ಸಲ ನಾನು ಮಾತಾಡುತ್ತಿದ್ದೆ, ಅವಳು ಬಾಯಿ ತೆರೆಯುವಂತಿರಲಿಲ್ಲ.

"ನೀನು ಚೀಟಿ ಎಸಿಯೋಕೆ ಹೋಗಿದ್ದೆ."

"ನಾನು ನೋಡಿದ್ದೆ."

"ಅಮ್ಮ ಸಾಯೋವಾಗ್ಲೂ ನನ್ನ ಕೈಯಿಂದ ನೀರು ಕುಡೀಲಿಲ್ಲ."

ನಾಡಿ ನೂರಾ ಎರಡು.

"ನಾಡಿದ್ದು ನಿನ್ನ ಮಾತು ಹೋಗ್ಬಹುದು."

"ಹೌದು ಅನ್ನೋದಾದ್ರೆ ಚೆಂಡು ಒತ್ತು."

"ಒಂದೇ ಸಲ ಸಾಕು."

ಗಾಜಿನಾಚೆ ಅವಳ ಪಾದಗಳು ಮಾತ್ರ ಕಾಣುತ್ತಿದ್ದವು. ಬಿಳಿ ಸಾಕ್ಸು ಹಾಕಿದ್ದಳು. ಬೆರಳುಗಳೂ ಮಿಸುಕಲಿಲ್ಲ. ಗಂಟೆ ಹೊಡೆಯಲಿಲ್ಲ. ಇನ್ನು ಒಂದೂವರೆ ನಿಮಿಷ ಉಳಿದಿತ್ತು. ನನಗೆ ಮೈಯೆಲ್ಲಾ ಉರಿಯಿತು.

"ಒತ್ತದಿದ್ರೆ ಚಿತ್ರ ಕೆಟ್ಟಿದೆ ಅಂತ ಬರೀತೀನಿ."

"ಡಾಕ್ಟ್ರು ಕುರುಡರ ಹಾಗೆ ಕೈ ಹಾಕ್ತಾರೆ."

"ಆಮೇಲೆ ನೀನು ಮೂಗಿ."

ನಾಡಿ ನೂರಾ ಹದಿನೆಂಟು. ಅಷ್ಟೇ. ಯಂತ್ರ ಕೊನೆಯ ಸಲ ಬಡಿದು ಸುಮ್ಮನಾಯಿತು.

ಚಿತ್ರ ಮೂಡಿತು. ಹೊರಗಿನ ನಾಳದಿಂದ ಒಂದು ಎಳೆ ಮೇಲೇರಿ ಗಡ್ಡೆಯ ತುಂಬ ಹರಡಿ ಕೆಂಪಗೆ ಉರಿಯುತ್ತಿತ್ತು. ಮಾತಿನ ಜಾಗ ಅದಕ್ಕೆ ಸಂಬಂಧವೇ ಇಲ್ಲದಂತೆ ಪಕ್ಕದಲ್ಲಿ ತಣ್ಣಗಿತ್ತು. ಒಂದು ಗೆರೆ ಕಲಸಿರಲಿಲ್ಲ, ಒಂದು ಅಂಚು ಮಸುಕಾಗಿರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಅಷ್ಟು ಚೊಕ್ಕ ಚಿತ್ರವನ್ನು ನಾನು ತೆಗೆದಿರಲಿಲ್ಲ. ಅಂಥ ಮಾತು ಕೇಳಿಸಿಕೊಂಡೂ ಅವಳು ತಲೆಯನ್ನು ಕೂದಲೆಳೆಯಷ್ಟು ಅಲುಗಿಸಿರಲಿಲ್ಲ.

"ಅಲುಗಾಟದಿಂದ ಕೆಟ್ಟಿದೆ" ಎಂದು ಬರೆಯುವ ಚೌಕದ ಮೇಲೆ ನನ್ನ ಬೆರಳಿತ್ತು. ಮತ್ತೆ ತೆಗೆಯಲು ಹೊತ್ತಿಲ್ಲ ಅಂದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಚಿತ್ರವನ್ನು ಡಾಕ್ಟರಿಗೆ ಕಳಿಸಿದೆ. ಕರುಳು ಚುರ್ ಅಂದು ಕಳಿಸಿದ್ದಲ್ಲ. ಅವಳಿಗೆ ನಾಲಗೆ ಉಳಿಯಬೇಕಿತ್ತು. ಉಳಿದರೆ ಇವತ್ತಲ್ಲ ನಾಳೆ, ಸಾವಿನ ಬಾಗಿಲಿಗೆ ಹೋಗಿ ಬಂದವಳು ಒಂದು ದಿನ ಹೇಳಿಯಾಳು ಅಂದುಕೊಂಡೆ.

ಮಂಚ ಹೊರಗೆಳೆದೆ. "ಕುತ್ತಿಗೆ ಹಿಡ್ಕೊಂಡಿದೆ ಕಣೇ" ಅಂದಳು.

"ನಾನು ಹೇಳಿದ್ದು ಕೇಳಿಸ್ತಾ?"

"ಆ ಗಲಾಟೆಯಲ್ಲಿ ಏನು ಕೇಳಿಸುತ್ತೆ?" ಅಂದು, ಚಪ್ಪಲಿ ಹುಡುಕುತ್ತಾ ಕಾಲು ಕೆಳಗಿಟ್ಟಳು.

ಗುರುವಾರ ಡಾಕ್ಟರು ಆ ನಾಳವನ್ನು ಮೊದಲು ಕಟ್ಟಿದರು. ಗಡ್ಡೆ ಸಿಪ್ಪೆ ಸುಲಿದ ಹಾಗೆ ಬಂತಂತೆ. ಸೋಮವಾರ ವಾರ್ಡಿನಲ್ಲಿ ಅವಳ ಮಾತಿನ ಪರೀಕ್ಷೆ. ಭಾವ, ಮಕ್ಕಳು, ನರ್ಸು, ನಾನು, ಎಲ್ಲರೂ ಮಂಚದ ಸುತ್ತ ನಿಂತಿದ್ದೆವು. ಡಾಕ್ಟರು ಒಂದೊಂದೇ ವಸ್ತು ಎತ್ತಿ ತೋರಿಸಿದರು.

"ಪೆನ್ನು" ಅಂದಳು. "ಚಮಚ." "ಗಡಿಯಾರ."

"ಭೇಷ್. ಇವರು ಯಾರು?" ಡಾಕ್ಟರು ನನ್ನ ಕಡೆ ಕೈ ತೋರಿಸಿದರು. "ಇವರ ಬಗ್ಗೆ ಒಂದೆರಡು ಮಾತು ಹೇಳಿ, ನೋಡೋಣ."

ಅಕ್ಕ ನನ್ನನ್ನೇ ನೋಡಿದಳು. ತುಂಬಾ ಹೊತ್ತು ನೋಡಿದಳು. ಈಗ ಹೇಳುತ್ತಾಳೆ ಅಂದುಕೊಂಡೆ, ನನ್ನ ಮೂರ್ಖತನಕ್ಕೆ ಏನು ಹೇಳಲಿ.

"ನನ್ನ ತಂಗಿ" ಅಂದಳು. "ಮರೆಗುಳಿ. ಚಿಕ್ಕೋಳಿದ್ದಾಗ ಬಾಗಿಲು ಹಾಕೋದು ಮರೆತು ನಮ್ಮ ತಮ್ಮನ್ನ ಕೊಂದ್ಲು. ಪಾಪ, ನಾವ್ಯಾರೂ ಅವಳನ್ನ ಏನೂ ಅಂದಿಲ್ಲ."

ಡಾಕ್ಟರಿಗೆ ಹಿಗ್ಗು ತಡೆಯಲಾಗಲಿಲ್ಲ. "ನೋಡಿದ್ರಾ! ಪೂರ್ತಿ ವಾಕ್ಯ, ಹಳೇ ನೆನಪು, ಒಂದಕ್ಷರ ತೊದಲಿಲ್ಲ!" ಭಾವ ಅಳುತ್ತಾ ನನ್ನ ಎರಡೂ ಕೈ ಹಿಡಿದುಕೊಂಡರು. "ನಿನ್ನ ಚಿತ್ರ ಇಲ್ದಿದ್ರೆ ಇವಳಿಗೆ ಈ ಮಾತೆಲ್ಲಿರ್ತಿತ್ತಮ್ಮ" ಅಂದರು.

ನಾನು ಹಾಸಿಗೆಯ ಪಕ್ಕದ ಮಾನಿಟರಿನ ಪರದೆಯನ್ನು ನೋಡಿದೆ. ಅವಳ ನಾಡಿ ಎಪ್ಪತ್ತೆರಡು.